ಇನ್ನೂ ಹುಟ್ಟದ ಪ್ರಸಾರ ಪ್ರಾಧಿಕಾರಕ್ಕೆ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಸ್ವತಂತ್ರ ಪ್ರಸಾರ ಪ್ರಾಧಿಕಾರ (ರಚನೆಯಾಗಬೇಕಿದೆ),
ಹೊಸದಿಲ್ಲಿ.

ವಿಷಯ: ಟಿವಿ ವೀಕ್ಷಕರು ದೂರು ಸಲ್ಲಿಸುವ ಕ್ರಮ.

ಮಾನ್ಯರೇ,

ಭಾರತದಲ್ಲಿ ಟಿವಿ ಕುರಿತ ದೂರುಗಳು ಮೂರು ಬಗೆ: ಚಿತ್ರ ಬರುತ್ತಿಲ್ಲ, ಬಿಲ್ಲು ಹೆಚ್ಚು ಬರುತ್ತಿದೆ, ಬರಬಾರದ್ದು ಬರುತ್ತಿದೆ. ಮೊದಲೆರಡಕ್ಕೆ ಒಂದು ದಾರಿ, ಮೂರನೆಯದಕ್ಕೆ ಇನ್ನೊಂದು. ಯಾರ ಮೇಲೆ ದೂರಿದೆಯೋ ಅವರ ಬಾಗಿಲಿನಿಂದಲೇ ಎರಡೂ ದಾರಿಗಳು ಶುರುವಾಗುತ್ತವೆ.

ಚಿತ್ರ ಮತ್ತು ಬಿಲ್ಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಸೇರಿದ ವಿಚಾರ. 1997ರಲ್ಲಿ ಟೆಲಿಫೋನಿಗೆಂದು ಹುಟ್ಟಿದ ಈ ಸಂಸ್ಥೆಯ ಸುಪರ್ದಿಗೆ 2004ರಲ್ಲಿ ಕೇಬಲ್, ಡಿಟಿಎಚ್‌ಗಳೂ ಬಂದವು. ದರ, ಸೇವೆಯ ಗುಣಮಟ್ಟ, ಸಹಾಯವಾಣಿ ಹೇಗಿರಬೇಕೆಂದು ಟ್ರಾಯ್ ಪುಟಗಟ್ಟಲೆ ನಿಯಮ ಬರೆಯುತ್ತದೆ. ಒಬ್ಬ ಗ್ರಾಹಕನ ದೂರನ್ನು ಮಾತ್ರ ವಿಚಾರಿಸುವುದಿಲ್ಲ, ಕಂಪನಿಗೇ ಕಳಿಸಿಬಿಡುತ್ತದೆ. ದೂರುದಾರನು ಸಹಾಯವಾಣಿಗೆ ಫೋನ್ ಮಾಡಿ, ಒಂದನ್ನು ಒತ್ತಿ, ಎರಡನ್ನು ಒತ್ತಿ, ಡಾಕೆಟ್ ಸಂಖ್ಯೆ ಪಡೆಯತಕ್ಕದ್ದು. ಕೆಲಸವಾಗದಿದ್ದರೆ ಅದೇ ಕಂಪನಿಯ ನೋಡಲ್ ಅಧಿಕಾರಿ. ಟಿಡಿಸ್ಯಾಟ್ ಎಂಬ ನ್ಯಾಯಮಂಡಳಿಯೂ ಉಂಟು. ಆದರೆ ಗ್ರಾಹಕ ಆಯೋಗಕ್ಕೆ ಹೋಗಬಹುದಾದ ಒಂಟಿ ಗ್ರಾಹಕನನ್ನು ಟ್ರಾಯ್ ಕಾಯ್ದೆಯೇ ಅದರ ಹೊಸ್ತಿಲಾಚೆ ನಿಲ್ಲಿಸಿದೆ. ಉಳಿದದ್ದು 1915 ಸಂಖ್ಯೆಯ ಗ್ರಾಹಕ ಸಹಾಯವಾಣಿ ಮತ್ತು ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. 19 ರೂಪಾಯಿಯ ಚಾನೆಲ್‌ಗಾಗಿ ವಾಯಿದೆಯಿಂದ ವಾಯಿದೆಗೆ ಅಲೆಯುವ ಛಲ ಮಾತ್ರ ದೂರುದಾರನ ಸ್ವಂತ ಖರ್ಚು.

ಬಿಲ್ಲಿನ ಒಂದು ದೂರಂತೂ ಹೆಚ್ಚುಕಡಿಮೆ ಪರಿಹಾರವಾದಂತಿದೆ. 2019ರ ಹೊಸ ದರ ಪದ್ಧತಿಯಲ್ಲಿ ನೆಟ್‌ವರ್ಕ್ ಶುಲ್ಕಕ್ಕೆ 130 ರೂಪಾಯಿಯ ಮಿತಿ ಇತ್ತು, ತೆರಿಗೆ ಬೇರೆ. 2024ರಲ್ಲಿ ಆ ಮಿತಿಯನ್ನೇ ತೆಗೆಯಲಾಯಿತು. ಹೆಚ್ಚು ವಸೂಲಿ ಎಂದು ದೂರಲು ಯಾವುದಕ್ಕಿಂತ ಹೆಚ್ಚು ಎಂಬುದೇ ಉಳಿಯಲಿಲ್ಲ.

ಬರಬಾರದ್ದು ಬಂದಾಗಿನ ದಾರಿ ಇನ್ನಷ್ಟು ಸುಸಜ್ಜಿತ. ಕೇಬಲ್ ಟಿವಿ ನಿಯಮಗಳ 2021ರ ತಿದ್ದುಪಡಿ ಇದಕ್ಕೆ ಮೂರು ಹಂತ ಕಟ್ಟಿಕೊಟ್ಟಿದೆ. ಮೊದಲ ಹಂತದಲ್ಲಿ ವಾಹಿನಿಯೇ ನ್ಯಾಯಾಧೀಶ: 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ. ಒಪ್ಪಿಗೆಯಾಗದಿದ್ದರೆ ವಾಹಿನಿಗಳೇ ಕೂಡಿ ಕಟ್ಟಿಕೊಂಡ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ನಿವೃತ್ತ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯ ಆ ಸಂಸ್ಥೆಗೆ 60 ದಿನ ಅವಕಾಶ. ಅಷ್ಟರಲ್ಲಿ ಧಾರಾವಾಹಿಯ ಅತ್ತೆ ಹಾಕಿದ ವಿಷ ಕುಡಿದ ಸೊಸೆ ಆಸ್ಪತ್ರೆಯಿಂದ ಬಂದು, ಅತ್ತೆಯೊಡನೆ ರಾಜಿಯೂ ಆಗಿರುತ್ತಾಳೆ. ಮೂರನೆಯ ಹಂತ ಕೇಂದ್ರ ಸರ್ಕಾರ. ಸರ್ಕಾರವನ್ನು ಹೊಗಳಿದ್ದು ಹೆಚ್ಚಾಯಿತು ಎಂಬ ದೂರಿದ್ದವರೂ ಅಲ್ಲಿಗೇ ಹೋಗತಕ್ಕದ್ದು.

ಇಂಥದೇ ಸ್ವನಿಯಂತ್ರಣ ಸಂಸ್ಥೆಯಾದ ಸುದ್ದಿ ವಾಹಿನಿಗಳ ಸಂಘದ ಮಂಡಳಿ ಹಾಕಬಹುದಾಗಿದ್ದ ದಂಡಕ್ಕೆ 1 ಲಕ್ಷ ರೂಪಾಯಿಯ ಮಿತಿ ಇತ್ತು. ಇದು ತೀರಾ ಕಡಿಮೆ, ಕಾರ್ಯಕ್ರಮದಿಂದ ಬಂದ ಲಾಭಕ್ಕೆ ತಕ್ಕಂತಿರಬೇಕು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವೀಕ್ಷಕನಿಗೆ ದಕ್ಕುವುದು ಹೆಚ್ಚೆಂದರೆ ಪರದೆಯಲ್ಲಿ ಒಂದು ಕ್ಷಮಾಪಣೆ.

ಜಾಹೀರಾತು ಗಂಟೆಗೆ 12 ನಿಮಿಷ ಮೀರಬಾರದೆಂಬ ನಿಯಮವಿದೆ. ಅದನ್ನು ಜಾರಿಗೊಳಿಸಲು ಟ್ರಾಯ್ ಹೊರಟಾಗ ವಾಹಿನಿಗಳು 2013ರಲ್ಲಿ ದೆಹಲಿ ಹೈಕೋರ್ಟಿಗೆ ಹೋದವು, ಬಲವಂತದ ಕ್ರಮಕ್ಕೆ ತಡೆ ಬಿತ್ತು. ಜಾಹೀರಾತು ವಿಪರೀತ ಜೋರಾಗಿರಬಾರದೆಂಬ ನಿಯಮವೂ ಇದೆ. ಅದು ಮಾತ್ರ ಬಹಳ ಮೆಲುದನಿಯಲ್ಲಿದೆ.

ಕೊನೆಯದಾಗಿ, ಪತ್ರದ ವಿಳಾಸದ ವಿಚಾರ. ಆಕಾಶದ ತರಂಗಗಳು ಸಾರ್ವಜನಿಕ ಆಸ್ತಿ, ಅವನ್ನು ನೋಡಿಕೊಳ್ಳಲು ಸ್ವತಂತ್ರ ಪ್ರಾಧಿಕಾರ ಬೇಕು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರವರಿಯಲ್ಲೇ ಹೇಳಿದೆ. 1997ರ ಪ್ರಸಾರ ಮಸೂದೆ ಕಾಯ್ದೆಯಾಗಲಿಲ್ಲ. 2023ರ ನವೆಂಬರ್‌ನ ಕರಡಿನಲ್ಲೂ ಕೊನೆಯ ಮಾತು ಸರ್ಕಾರದ್ದೇ. ತಲುಪಿಸಲು ಕಚೇರಿ ಸಿಗದ ಕಾರಣ ಪತ್ರವನ್ನು ಬಹಿರಂಗಪಡಿಸಲಾಗಿದೆ.

ಇತಿ,
ವೀಕ್ಷಕ ಗ್ರಾಹಕರ ಪರವಾಗಿ