ಕೆಳಬರ್ತಿನ ಮೇಲೆ ಏಳು ತಿಂಗಳು

ನಮ್ಮ ಕೆರೂರಿಗೆ ರೈಲಿಲ್ಲ. ಬಾದಾಮಿ ಸ್ಟೇಶನ್ನೇ ಗತಿ. ಕುಬಸ ಮುಗಿದ ಮಗಳನ್ನು ಬಸ್ಸಿನ ಕುಲುಕಾಟ ಬೇಡವೆಂದು ಬೆಂಗಳೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಕರೆತಂದೆ. ಗರ್ಭಿಣಿಯರಿಗೆ ಕೆಳಬರ್ತಿನ ಕೋಟಾ ಇದೆಯಲ್ಲ, ಸಿಕ್ಕಿತು. ಕಾಲಿಡಲು ಮಾತ್ರ ಜಾಗವಿಲ್ಲ, ಎಲ್ಲೆಲ್ಲೂ ಬೀಗರ ಬುತ್ತಿ!

"ಯವ್ವಾ, ತಾಸಿಗೊಮ್ಮೆ ಎದ್ದು ಅಡ್ಡಾಡು ಅಂದಾರ ಡಾಕ್ಟರು. ಎಲ್ಲಿ ಅಡ್ಡಾಡ್ಲಿ, ಉಂಡಿ ಡಬ್ಬಿ ಮ್ಯಾಲಾ?"

ಎದುರಿನ ಅಜ್ಜಿ ಹೊಟ್ಟೆ ನೋಡಿ "ಗಂಡು" ಎಂದಳು. ಪಕ್ಕದವಳು "ಹೆಣ್ಣs" ಎಂದಳು. ಗದಗ ಬಂದರೂ ತೀರ್ಪಾಗಲಿಲ್ಲ; ಮಗಳು ಎಡ ಮಗ್ಗುಲಾಗಿ ಗಡದ್ದಾಗಿ ನಿದ್ದೆ ಹೊಡೆದಳು.

ಹೊರಡುವವರೇ, ತಾಯಿ ಕಾರ್ಡು, ನೀರು ಕೈಚೀಲದಲ್ಲಿರಲಿ. ದಾರಿಯಲ್ಲಿ ತೊಂದರೆಯಾದರೆ 139ಕ್ಕೆ ಫೋನ್ ಮಾಡಿ. ಬುತ್ತಿಯನ್ನು ಅಳಿಯನಿಗೆ ಹೊರಿಸಿ.