ಗಣಪತಿಯಿಂದ ಇಲಿಯವರೆಗೆ: ರೋಟರಿ ಟೂಲ್ ಬಳಕೆದಾರರ ಕೈಪಿಡಿ



ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು ತಿರುಗಬಲ್ಲ ಯಂತ್ರವೊಂದನ್ನು ಮನೆಗೆ ತಂದಿದ್ದೀರಿ. ಕಿಟಕಿ ಸರಳಿನ ತುಕ್ಕು ಉಜ್ಜಲು, ಗೋಡೆಗೆ ಸಣ್ಣಪುಟ್ಟ ತೂತು ಹಾಕಲು ಬೇಕೆಂದು ಮನೆಯವರಿಗೆ ಹೇಳಿದ್ದೀರಿ. ಮರ ಕೆತ್ತಲು ತಂದದ್ದೆಂಬುದು ನಮ್ಮನಿಮ್ಮಲ್ಲೇ ಇರಲಿ, ಮನೆಯಲ್ಲಿ ಹಾಗೆಯೇ ಹೇಳುತ್ತಿರಿ. 1930ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಆಲ್ಬರ್ಟ್ ಡ್ರೆಮೆಲ್ ಇಂಥ ಯಂತ್ರವನ್ನು ಮಾರಲು ತೊಡಗಿದಾಗಲೂ ಕೊಂಡವರು ಮನೆಯಲ್ಲಿ ಇದನ್ನೇ ಹೇಳಿರಬೇಕು.

ಪೆಟ್ಟಿಗೆಯಲ್ಲಿ ಏನೇನಿದೆ

ಯಂತ್ರ ಒಂದು. ಪುಟ್ಟ ಸ್ಪ್ಯಾನರ್ ಒಂದು (ಸಂಜೆಯೊಳಗೆ ಕಳೆದುಹೋಗುತ್ತದೆ). ತುದಿಗೆ ಸಿಕ್ಕಿಸುವ ಬಿಟ್‌ಗಳು ರಾಶಿ. ಅವುಗಳಲ್ಲಿ ನಿಮಗೆ ಬೇಕಾದದ್ದು ಮೂರು: ಹಳ್ಳ ತೋಡಲು ಗುಂಡುತಲೆಯದು, ಅಂಚು ಇಳಿಸಲು ಉರುಳೆಯಂಥದು, ನುಣುಪು ಮಾಡಲು ಉಪ್ಪುಕಾಗದದ ಸುರುಳಿ. ಮಿಕ್ಕವನ್ನು ನೆಂಟರು ಬಂದಾಗ ತೋರಿಸಿ. ಬೇಗ ಬೇಗ ಮರ ತೆಗೆಯಲು ನಿಜಕ್ಕೂ ಬೇಕಾದದ್ದು ಮೈತುಂಬ ಮುಳ್ಳಿರುವ ಟಂಗ್‌ಸ್ಟನ್ ಕಾರ್ಬೈಡ್ ಬಿಟ್. ಅದು ಸಾಮಾನ್ಯವಾಗಿ ಪೆಟ್ಟಿಗೆಯಲ್ಲಿ ಇರುವುದಿಲ್ಲ.

ಮರ

ಅಜ್ಜನ ಕಾಲದ ಬೀಟೆ ಕುರ್ಚಿಯ ಮುರಿದ ಕಾಲಿನ ಮೇಲೆ ಕಣ್ಣು ಹಾಕಬೇಡಿ. ಬೀಟೆ ಗಟ್ಟಿ, ಅದರ ಪುಡಿ ಕೆಲವರ ಮೈಗೆ ಆಗಿಬರುವುದಿಲ್ಲ. ತೇಗದಲ್ಲಿ ಸಿಲಿಕಾ ಇರುವುದರಿಂದ ಬಿಟ್ ಬೇಗ ಮೊಂಡಾಗುತ್ತದೆ. ಶ್ರೀಗಂಧವನ್ನು ಸಾಗರ, ಸೊರಬದ ಮರಗೆತ್ತನೆಯ ಗುಡಿಗಾರರಿಗೆ ಬಿಟ್ಟುಬಿಡಿ. ಚನ್ನಪಟ್ಟಣದವರು ಬೊಂಬೆಗೆ ಬಳಸುವ ಹಾಲೆಮರದ ಒಣಗಿದ ತುಂಡು ಸಿಕ್ಕರೆ ನಿಮ್ಮ ಪುಣ್ಯ. ಬೆಳ್ಳಗಿದೆ, ಮೆದುವಾಗಿದೆ, ಹೇಳಿದ ಮಾತು ಕೇಳುತ್ತದೆ.

ಚಾಲನೆ

ರಕ್ಷಣಾ ಕನ್ನಡಕ, ಎನ್95 ಮುಖಗವಸು ಹಾಕಿಕೊಳ್ಳಿ. ಮರದ ಪುಡಿ ಕ್ಯಾನ್ಸರ್ ತರಬಲ್ಲದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ತೀರ್ಮಾನ. ಜೋಲುವ ಟವೆಲ್, ದುಪಟ್ಟಾ, ಬಿಚ್ಚುಗೂದಲು ಇವಕ್ಕೆ ಬಿಟ್‌ನ ಹತ್ತಿರ ಕೆಲಸವಿಲ್ಲ. ಮರವನ್ನು ಮೇಜಿಗೆ ಕ್ಲ್ಯಾಂಪ್ ಹಾಕಿ ಬಿಗಿಯಿರಿ, ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ. ಯಂತ್ರ ನಿಂತಿದ್ದಾಗಲಷ್ಟೇ ಬಿಟ್ ಬದಲಿಸಿ.

ಈಗ ಸ್ವಿಚ್ ಒತ್ತಿ. ಹಲ್ಲಿನ ಡಾಕ್ಟರರ ಕುರ್ಚಿ ನೆನಪಾದರೆ ಹೆದರಬೇಕಿಲ್ಲ. ಅವರ ಯಂತ್ರ ಇದರ ಹತ್ತುಪಟ್ಟು ವೇಗದ್ದು. ಅವರು ಬಳಸುವಂಥ ಬಿಟ್‌ಗಳನ್ನೇ ಸೂಕ್ಷ್ಮ ಕೆಲಸಕ್ಕೆ ಹುಡುಕಿ ತರುವ ಕೆತ್ತನೆಗಾರರಿದ್ದಾರೆ. ಬಿಟ್ ತಿರುಗುವ ದಿಕ್ಕಿಗೆ ಎದುರಾಗಿ ಯಂತ್ರವನ್ನು ನಡೆಸಿ. ಅದು ಹೋದತ್ತಲೇ ನೀವೂ ಹೋದರೆ ಬಿಟ್ ಮರದ ಮೇಲೆ ಉರುಳಿಕೊಂಡು ಓಡುತ್ತದೆ, ಕೆತ್ತಿದ್ದ ಮೂಗನ್ನೂ ಜೊತೆಗೆ ಒಯ್ಯುತ್ತದೆ. ಒತ್ತಬೇಡಿ. ಶಬ್ದ ಇಳಿಯಿತೆಂದರೆ ಒತ್ತುತ್ತಿದ್ದೀರಿ ಎಂದರ್ಥ. ಒಂದೇ ಕಡೆ ನಿಂತರೆ ಮರ ಸುಟ್ಟು ಕಪ್ಪಾಗುತ್ತದೆ.

ಇಷ್ಟಾದ ಮೇಲೆ ನಿಮಗೊಂದು ವಿಚಿತ್ರ ಅನುಭವ ಆಗಲಿದೆ: ಸಂತೋಷ. ಕಂಪನಿಯ ಕೈಪಿಡಿಗಳು ಇದನ್ನು ಮುಚ್ಚಿಡುತ್ತವೆ. ಕಾರಣ ಕೇಳಿ: ಉಳಿ ಹಿಡಿದವನು ಮರದ ನಾರು ಯಾವ ಕಡೆ ಓಡುತ್ತಿದೆಯೆಂದು ಹೆಜ್ಜೆಹೆಜ್ಜೆಗೂ ಕೇಳಬೇಕು. ನಾರಿಗೆ ಎದುರು ಹೋದರೆ ಸಿಬಿರು ಏಳುತ್ತದೆ; ಆ ಓದು ಕೈಗೆ ಹತ್ತಲು ವರ್ಷಗಳು ಬೇಕು. ಈ ಗುಂಡುತಲೆಯ ಬಿಟ್‌ಗೆ ನಾರಿನ ಹಂಗು ಅಷ್ಟಾಗಿ ಇಲ್ಲ. ಅಡ್ಡಕ್ಕೂ ಹೋಗುತ್ತದೆ, ಉದ್ದಕ್ಕೂ ಹೋಗುತ್ತದೆ, ಸುಳಿಯನ್ನೂ ಸುತ್ತುತ್ತದೆ. ಮರದ ಮೇಲೆ ಬರೆದುಕೊಂಡ ಎಲೆಯ ಪೆನ್ಸಿಲ್ ಗೀಟಿನ ಹಿಂದೆ ಬೆಣ್ಣೆಯಂಥ ಕಾಲುವೆ ಮೂಡುತ್ತದೆ. ಗುಡಿಗಾರರ ಮನೆಯ ಹುಡುಗನ ಹತ್ತರಲ್ಲೊಂದು ಪಾಲು ವಿದ್ಯೆಯೂ ಇಲ್ಲದವನಿಗೆ ಹೀಗೆ ಎಲೆಯೊಂದು ಒಲಿಯುವುದು ಅನ್ಯಾಯವೇ. ಅನ್ಯಾಯವನ್ನು ಅನುಭವಿಸಿ. ಕರೆಂಟ್ ಹೋಗುವವರೆಗೂ ಮೇಲೇಳಲು ಮನಸ್ಸು ಬರುವುದಿಲ್ಲ.

ತೊಂದರೆಗಳು, ಪರಿಹಾರಗಳು

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂಬ ಮಾತಿದೆ. ಅದು ಜೇಡಿಮಣ್ಣಿನವರ ಸೌಭಾಗ್ಯ, ಅವರು ಮೆತ್ತಬಹುದು. ಮರದಲ್ಲಿ ತೆಗೆಯುವುದುಂಟು, ಸೇರಿಸುವುದಿಲ್ಲ. ಇಲ್ಲಿ ಗಣಪತಿ ಅವರಪ್ಪ ಆಗಲಾರ. ಎಡಗಿವಿ ಬಲಗಿವಿ ಸರಿದೂಗಿಸುತ್ತ ಹೋದಂತೆ ಮೊದಲು ಆನೆಮರಿಯಾಗುತ್ತಾನೆ, ಆಮೇಲೆ ಹಂದಿ, ಕೊನೆಗೆ ತನ್ನದೇ ಇಲಿ. ಪರಿಹಾರ: ಮುಖದ ನಡುಗೆರೆ ಕೆತ್ತಿಹೋದಾಗಲೆಲ್ಲ ಪೆನ್ಸಿಲ್‌ನಿಂದ ಮತ್ತೆ ಎಳೆದುಕೊಳ್ಳಿ, ಎರಡು ಕಿವಿಯನ್ನೂ ಸರದಿಯ ಮೇಲೆ ತೆಗೆಯಿರಿ. ಆದರೂ ಇಲಿಯಾದರೆ, ಮೊದಲಿನಿಂದಲೂ ಇಲಿಯನ್ನೇ ಮಾಡುತ್ತಿದ್ದೆ ಎನ್ನಿ.

ಶಬ್ದ ತಾಳಲಾರದೆ ಮೇಲಿನ ಮನೆಯವರು ಬಂದು ಬಾಗಿಲು ತಟ್ಟಿದರೆ: ಒಂದು ಇಲಿ ಕೊಡಿ.

ಸಾಂಬಾರಿನಲ್ಲಿ ಮರದ ಪುಡಿ ಸಿಕ್ಕರೆ: ಪರಿಹಾರವಿಲ್ಲ. ಮುಂದಿನ ಸಲ ತಾರಸಿಗೆ ಹೋಗಿ.

ಮೆರುಗು

120, 220, 400 ನಂಬರಿನ ಉಪ್ಪುಕಾಗದವನ್ನು ಈ ಅನುಕ್ರಮದಲ್ಲಿ ತಿಕ್ಕಿ, ಅಗಸೆ ಎಣ್ಣೆ ಹಚ್ಚಿ. ಇಷ್ಟು ಹೊತ್ತು ನಗುತ್ತ ಓದಿದ್ದರೂ ಇದನ್ನು ಮಾತ್ರ ನಗದೆ ಓದಿ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಬಯಲಿನಲ್ಲಿ ಹರವಿ ಒಣಗಿಸಿ. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ. ಮುದ್ದೆಯೊಳಗೆ ಆ ಕಾವು ಸೇರಿಕೊಂಡರೆ ಬಟ್ಟೆ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಲ್ಲದು.