ಮರೆವು ಯಾರಿಗೆ?

ಮುಂಬಯಿಯ ಭಾಂಡುಪಿನ ಗುಡ್ಡದ ಚಾಳಿನಲ್ಲಿರುವ ಎಪ್ಪತ್ತು ದಾಟಿದ ಹೆಂಗಸಿನ ಹತ್ತಿರ ಪಾಸ್‌ಪೋರ್ಟ್ ಇಲ್ಲದಿರಬಹುದು. ಸಮೀಕ್ಷೆಯ ಪಟ್ಟಿಯಲ್ಲಿ ಹೆಸರು ಬಿದ್ದರೆ ಸಾಕು, ಆಕೆಯ ಆರೋಗ್ಯಕ್ಕೆ ವಿಶ್ವಪರ್ಯಟನೆ ಖಚಿತ. ಬೆರಳು ಚುಚ್ಚಿ ಕಾಗದದ ಮೇಲೆ ಇಳಿಸಿಕೊಂಡ ರಕ್ತದ ಹನಿ ಪುಣೆಯ ಪ್ರಯೋಗಾಲಯಕ್ಕೆ, ಉತ್ತರಗಳು ದೇವನಾರದ ಕಂಪ್ಯೂಟರಿಗೆ, ಅಂಕಿಗಳು ಹಾರ್ವರ್ಡಿಗೆ, ಲಾಸ್ ಏಂಜಲೀಸಿಗೆ. ವಾಪಸು ಗುಡ್ಡದ ಮೆಟ್ಟಿಲು ಹತ್ತುವಾಗ ಮಾತ್ರ ಈ ಮಾಹಿತಿಗೆ ಎಲ್ಲಿಲ್ಲದ ಮೊಣಕಾಲು ನೋವು.

ಲಾಸಿ ಎಂಬ ಸಮೀಕ್ಷೆಯ ಸಂಗತಿ ಇದು. ಭಾರತದಲ್ಲಿ ಜನ ಹೇಗೆ ಮುಪ್ಪಾಗುತ್ತಾರೆ ಎಂದು ನೋಡಲು ನಮ್ಮದೇ ಊರಿನ ದೇವನಾರದಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ, ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಜೊತೆ ಸೇರಿ ಹೂಡಿದ ದೊಡ್ಡ ಕೆಲಸ. 2017-18ರ ಮೊದಲ ಸುತ್ತಿನಲ್ಲಿ 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,250 ಮಂದಿಯನ್ನು ಮಾತಾಡಿಸಿದರು. ಅವರಲ್ಲಿ 31,464 ಮಂದಿ 60 ದಾಟಿದವರು. ಕೆಲಸ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. 2021ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸಚಿವರು ದಪ್ಪನೆಯ ಇಂಗ್ಲಿಷ್ ವರದಿಯನ್ನು ಆನ್‌ಲೈನಿನಲ್ಲಿ ಬಿಡುಗಡೆ ಮಾಡಿದರು. ಹೆಸರು ನೋಂದಾಯಿಸಿದ ಯಾವ ದೇಶದ ಸಂಶೋಧಕನೂ ಇಂದು ಅದರ ಅಂಕಿಅಂಶಗಳನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ಭಾಂಡುಪಿನಿಂದ ದೇವನಾರಕ್ಕೆ ರಿಕ್ಷಾದಲ್ಲಿ ಹೋಗಬಹುದು. ದೇವನಾರದಿಂದ ಭಾಂಡುಪಿಗೆ ಬರಲು ಮಾತ್ರ ಕ್ಯಾಲಿಫೋರ್ನಿಯಾ ಸುತ್ತಬೇಕು!

ಸಮೀಕ್ಷೆಯವರು ಬಂದಾಗಿನ ಸಂಭ್ರಮವನ್ನು ಸ್ವಲ್ಪ ಊಹಿಸಿ. ಹುಡುಗಿ ಒಂದು ಹಿಡಿಕೆಯ ಯಂತ್ರ ಕೊಟ್ಟು, "ಆಜೀ, ಇದನ್ನು ಜೋರಾಗಿ ಹಿಂಡಿ" ಎನ್ನುತ್ತಾಳೆ. ಕೈಬಲ ಅಳೆಯುವುದಕ್ಕೆ. "ಒದ್ದೆ ಸೀರೆ ಹಿಂಡಿದ ಹಾಗೆ ಹಿಂಡಲೋ, ಮೊಮ್ಮಗನ ಕಿವಿ ಹಿಂಡಿದ ಹಾಗೋ?" ಎಂದು ಅಜ್ಜಿ ಕೇಳುತ್ತಾಳೆ. ಆಮೇಲೆ ನಡೆಸಿ ನೋಡುತ್ತಾರೆ, ಊದಿಸಿ ನೋಡುತ್ತಾರೆ, ಬಿಪಿ ಪಟ್ಟಿ ಸುತ್ತುತ್ತಾರೆ. ಕೊನೆಗೆ ನೆನಪಿನ ಪರೀಕ್ಷೆ: ಹತ್ತು ಶಬ್ದ ಓದಿ ಹೇಳುತ್ತಾರೆ, ಅದೂ ಇದೂ ಮಾತಾಡಿ, ಸ್ವಲ್ಪ ಹೊತ್ತು ಬಿಟ್ಟು "ಆಗ ಹೇಳಿದ್ದು ಏನೇನು?" ಎಂದು ಕೇಳುತ್ತಾರೆ. ಅಜ್ಜಿ ಏಳು ಹೇಳಿದರೆ ಮೂರು ಮರೆವು ಎಂದು ಬರೆದುಕೊಳ್ಳುತ್ತಾರೆ.

ಇದೇ ಪರೀಕ್ಷೆಯನ್ನು ಸಂಶೋಧನಾ ಲೋಕಕ್ಕೂ ಇಡೋಣ. ಹತ್ತು ಶಬ್ದ ಬೇಡ, ಒಂದೇ ವಾಕ್ಯ ಸಾಕು. ವೈದ್ಯಕೀಯ ಸಂಶೋಧನೆಯ ನೀತಿಸಂಹಿತೆ ಎಂದು ಜಗತ್ತೇ ಕಣ್ಣಿಗೊತ್ತಿಕೊಳ್ಳುವ ಹೆಲ್ಸಿಂಕಿ ಘೋಷಣೆ 1964ರದು. ಅಧ್ಯಯನದ ಒಟ್ಟು ಫಲಿತಾಂಶ ತಿಳಿದುಕೊಳ್ಳುವ ಅವಕಾಶ ಅದರಲ್ಲಿ ಪಾಲ್ಗೊಂಡ ಎಲ್ಲರಿಗೂ ಇರಬೇಕು ಎಂದು 2013ರ ಪರಿಷ್ಕರಣೆಯ 26ನೇ ಕಲಮು ಹೇಳುತ್ತದೆ. ಈಗ ಅದೂ ಇದೂ ಮಾತಾಡೋಣ: ಅನುದಾನ, ಸೆಮಿನಾರು, ಬಡ್ತಿ. ಸ್ವಲ್ಪ ಹೊತ್ತಾಯಿತು. ಆಗ ಹೇಳಿದ್ದು ಏನು ಸ್ವಾಮೀ?

ಮುಂಬಯಿಗೆ ಈ ಮರೆವು ಹೊಸದಲ್ಲ. 1998ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಇಲ್ಲಿನ ಕೊಳೆಗೇರಿಗಳ 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ ಅಧ್ಯಯನಕ್ಕೆ ತೊಡಗಿತು. ಒಂದು ಗುಂಪಿಗೆ ವಿನೆಗರ್ ಬಳಸಿ ಗರ್ಭಕಂಠದ ತಪಾಸಣೆ. ಇನ್ನೊಂದಕ್ಕೆ ಕ್ಯಾನ್ಸರ್ ಬಗ್ಗೆ ತಿಳಿವಳಿಕೆಯ ಮಾತು. ಅಗ್ಗದ ವಿನೆಗರು ಗರ್ಭಕಂಠದ ಕ್ಯಾನ್ಸರಿನ ಸಾವನ್ನು ಶೇಕಡಾ 31 ಇಳಿಸಿತು. ಹೆಮ್ಮೆಪಡಬೇಕಾದ ವಿಜ್ಞಾನ. 2013ರ ಜೂನ್‌ನಲ್ಲಿ ಈ ಸುದ್ದಿ ಘೋಷಣೆಯಾದದ್ದು ಷಿಕಾಗೋದಲ್ಲಿ, ಕ್ಯಾನ್ಸರ್ ತಜ್ಞರ ಮಹಾಸಭೆಯಲ್ಲಿ. ಚಪ್ಪಾಳೆ ಬಿತ್ತು. ಹದಿನೈದು ವರ್ಷದಲ್ಲಿ ಆ ಹೆಂಗಸರು ಐವತ್ತು, ಅರವತ್ತು, ಎಪ್ಪತ್ತು ದಾಟಿದ್ದರು. ಮಾತು ಮಾತ್ರ ಸಿಕ್ಕ ಆ ಅರ್ಧದಷ್ಟು ಹೆಂಗಸರಿಗಿಂತ ಈ ಸುದ್ದಿಯ ಜರೂರು ಷಿಕಾಗೋದಲ್ಲಿ ಯಾರಿಗಿತ್ತು?

ಫಲಿತಾಂಶ ಯಾಕೆ ತಿಳಿಸುವುದಿಲ್ಲ ಎಂದು ಕೇಳಿದರೆ ಕಾರಣಗಳು ತಯಾರಿವೆ. ಮೊದಲನೆಯದು, ವಯಸ್ಸಾದವರಿಗೆ ಅರ್ಥವಾಗುವುದಿಲ್ಲ. ಹೌದೇ? ಭಾಂಡುಪಿನ ಎಲ್‌ಬಿಎಸ್ ರಸ್ತೆಯ ಯಾವ ಔಷಧದಂಗಡಿಯ ಮುಂದೆ ಬೇಕಾದರೂ ನಿಂತು ಕೇಳಿ. ಫಾಸ್ಟಿಂಗ್ ಎಷ್ಟು, ಊಟದ ಮೇಲೆ ಎಷ್ಟು, ಮೂರು ತಿಂಗಳ ಸರಾಸರಿ ಎಷ್ಟು, ಕ್ರಿಯಾಟಿನಿನ್ ಯಾಕೆ ಏರಿತು ಎಂದು ಕಾರ್ಖಾನೆಯಿಂದ ನಿವೃತ್ತರಾದ ಶೆಟ್ರು ಅಂಗಡಿಯವನಿಗೇ ಪಾಠ ಹೇಳುತ್ತಿರುತ್ತಾರೆ. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ತರಕಾರಿಯವಳ ಹತ್ತಿರ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ ಆಡುವವರಿಗೆ ಒಂದು ಪುಟ ಅರ್ಥವಾಗದು ಎಂದರೆ ದೋಷ ಪುಟ ಬರೆದವನದು.

ಎರಡನೆಯದು, ಹೆದರಿಬಿಡುತ್ತಾರೆ. 60 ದಾಟಿದ ಭಾರತೀಯರಲ್ಲಿ ಶೇಕಡಾ 7.4 ಮಂದಿಗೆ ಡಿಮೆನ್ಷಿಯಾ ಇದೆ ಎಂದು ಲಾಸಿಯ ಕವಲು ಅಧ್ಯಯನವೊಂದು 2023ರಲ್ಲಿ ಅಂದಾಜು ಮಾಡಿತು. ಹೆಂಗಸರಲ್ಲಿ, ಓದು ಕಡಿಮೆ ಇದ್ದವರಲ್ಲಿ ಹೆಚ್ಚು. ಗಂಡ, ಮಿಲ್ ಮುಷ್ಕರ, 2005ರ ಮಳೆ, ಕೊರೊನಾ ಎಲ್ಲವನ್ನೂ ಕಂಡ ಹೆಂಗಸು ಈ ದಶಾಂಶಕ್ಕೆ ಹೆದರುತ್ತಾಳಂತೆ! ಮೊಮ್ಮಗಳನ್ನು ಶಾಲೆ ಬಿಡಿಸಬೇಡ ಎಂದು ಮಗನಿಗೆ ಗದರಿಸಲು ಆಕೆಗೆ ಇನ್ನೊಂದು ಕಾರಣ ಸಿಗುತ್ತಿತ್ತು, ಅಷ್ಟೆ.

ಮೂರನೆಯದು, ಫಲಿತಾಂಶ ಹಂಚಲು ಬಜೆಟ್ ಇಲ್ಲ. ಸಿರಿಂಜಿಗೆ ಇತ್ತು, ವಿಮಾನಕ್ಕೆ ಇತ್ತು, ಜೆರಾಕ್ಸಿಗೆ ಬಂದಾಗ ದುಡ್ಡು ಮುಗಿಯಿತು. ಹೀಗೆ ಖಾಲಿ ಬಿದ್ದ ಜಾಗ ಖಾಲಿ ಉಳಿಯುತ್ತದೆಯೇ? ನಿಜವಾದ ಅಧ್ಯಯನದ ಫಲಿತಾಂಶ ಬರುವುದಿಲ್ಲ. ಹಾಗಲಕಾಯಿ ರಸದ ಫಲಿತಾಂಶ ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ, ಗುಲಾಬಿ ಹೂವಿನ ಸಮೇತ ಬರುತ್ತದೆ.

ಲಾಸಿ ಎರಡೆರಡು ವರ್ಷಕ್ಕೊಮ್ಮೆ ಅದೇ ಜನರ ಮನೆಗೆ ಹೋಗಬೇಕೆಂದು ಯೋಜಿಸಿದ ಅಧ್ಯಯನ. ಆದ್ದರಿಂದ ಸಂಶೋಧಕರು ಇನ್ನು ಮುಂದೆ ಒಪ್ಪಿಗೆ ಪತ್ರ ಹಿಡಿದು ಬಂದಾಗ ಭಾಂಡುಪಿನ ಹಿರಿಯರು ತಮ್ಮದೂ ಒಂದು ಪತ್ರ ಮುಂದಿಡಲಿ. ಒಂದು: ಕಳೆದ ಸಲದ ಫಲಿತಾಂಶ ಹೇಳದೆ ಈ ಸಲದ ಬೆರಳು ಚಾಚುವುದಿಲ್ಲ. ಎರಡು: ಫಲಿತಾಂಶ ಒಂದೇ ಪುಟ, ದಪ್ಪಕ್ಷರ, ನಮಗೆ ಬರುವ ಭಾಷೆಯಲ್ಲಿ. ಮೂರು: ಜ್ಯೇಷ್ಠ ನಾಗರಿಕ ಸಂಘಕ್ಕೆ ಬಂದು ಓದಿ ಹೇಳಿ, ನಮ್ಮ ಪ್ರಶ್ನೆ ಮುಗಿಯುವ ತನಕ ಕೂತಿರಬೇಕು. ನಾಲ್ಕು: ಇದರಿಂದ ಸಂಶೋಧಕರಿಗೆ ನೇರ ಲಾಭವೇನೂ ಇಲ್ಲದಿರಬಹುದು, ಆದರೆ ಸಮಾಜಕ್ಕೆ ಲಾಭವಿದೆ. ಐದು: ಓದಿ ಅರ್ಥವಾಗಲಿಲ್ಲ ಎನ್ನುವ ಪ್ರೊಫೆಸರರು ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರನ್ನು ಕರೆತಂದು ಇಲ್ಲಿ ಹೆಬ್ಬೆಟ್ಟು ಒತ್ತಬಹುದು. ಇಂಕ್ ಪ್ಯಾಡ್ ನಮ್ಮದೇ.